ಪಿ.ಟಿ. ಮಿಸ್ ಮತ್ತು ಮೂವರು ಡಾಕ್ಟರು

ಕಳೆದ ತಿಂಗಳು ಅವರು ಧಾರವಾಡದ ಕಾಲೇಜೊಂದರಿಂದ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡಲು ಕರೆದಾಗ ಮೈಕಿನ ಮುಂದೆ ನಿಂತು, "ಇಷ್ಟು ವರ್ಷ ಶಿಳ್ಳೆ ಊದಿ ಊದಿ ಉಸಿರೆಲ್ಲ ಖರ್ಚಾಗಿದೆ, ಇನ್ನು ನೀವೇ ಮಾತಾಡಿ" ಎಂದು ಕೂತುಬಿಟ್ಟರಂತೆ. ಫೋನಿನಲ್ಲಿ ಇದನ್ನು ಹೇಳಿ ಅವರೇ ನಕ್ಕರು. ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದೆ.

"ಬರಿ ಮಾರಾಯ್ತಿ. ಹೆಸರೊಂದು ಹಾಕಬ್ಯಾಡ. ಹೆಸರು ಹಾಕಿದ್ರೆ ಸನ್ಮಾನಕ್ಕೆ ಕರೀತಾರೆ. ಶಾಲು ಇಡೋಕೆ ಮನೇಲಿ ಜಾಗ ಇಲ್ಲ."

ಆದ್ದರಿಂದ ಇಲ್ಲಿ ಅವರು ಬರೀ ಪಿ.ಟಿ. ಮಿಸ್. ಸಿಂಗಪುರದ ನಮ್ಮ ಶಾಲೆಯಲ್ಲಿ ಮಕ್ಕಳು, ಮಾಸ್ತರರು, ಕ್ಯಾಂಟೀನಿನ ಆಂಟಿ ಎಲ್ಲರೂ ಕರೆಯುತ್ತಿದ್ದದ್ದೂ ಹಾಗೆಯೇ.

ನಾನು ಅವರನ್ನು ಮೊದಲು ಕಂಡದ್ದು ಲಿಫ್ಟಿನಲ್ಲಿ. ತೊಂಬತ್ತರ ದಶಕದ ನಡುವಿನ ಮಾತು. ನಾವು ಆಗ ವುಡ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಪಾಯಾ ಲೆಬಾರ್‌ನ ಒಂದು ಆಫೀಸಿಗೆ ಹೋಗುತ್ತಿದ್ದರು. ಒಂದು ಸಂಜೆ ತರಕಾರಿ ಚೀಲ ಹಿಡಿದು ಇಬ್ಬರೂ ಲಿಫ್ಟ್ ಹತ್ತಿದರೆ ಒಳಗೆ ಒಬ್ಬ ಹೆಂಗಸು ನಿಂತಿದ್ದರು. ಆರಡಿಗೆ ಸ್ವಲ್ಪವೇ ಕಡಿಮೆ ಎತ್ತರ, ಅಗಲವಾದ ಭುಜ, ಒತ್ತಾದ ಗುಂಗುರು ಕೂದಲು, ಮಿರಿಮಿರಿ ಮಿಂಚುವ ಕಪ್ಪು ಬಣ್ಣ, ಕಾಲಲ್ಲಿ ಓಟದ ಶೂ. ನನ್ನ ಗಂಡನಿಗೆ ಪರದೇಶದಲ್ಲಿ ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂಬ ಗಟ್ಟಿ ನಂಬಿಕೆ.

"ಬಾಸ್ಕೆಟ್‌ಬಾಲ್ ಆಡ್ತಾರೆ ಅನ್ಸುತ್ತೆ ಕಣೇ. ಅಮೆರಿಕಾ ಟೀಮ್ ಏನಾದ್ರೂ ಬಂದಿದ್ಯಾ?" ಎಂದರು.

ಆಕೆ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಬಾಗಿಲನ್ನೇ ನೋಡುತ್ತಿದ್ದರು. ತಮ್ಮ ಮಹಡಿ ಬಂದಾಗ ಹೊರಗೆ ಕಾಲಿಟ್ಟು, ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದರು: "ಬಾಸ್ಕೆಟ್‌ಬಾಲ್ ಅಲ್ಲ ಸರ್, ಜಾವೆಲಿನ್. ಅಮೆರಿಕಾ ಅಲ್ಲ, ಯಲ್ಲಾಪುರ."

ಬಾಗಿಲು ಮುಚ್ಚಿತು. ನನ್ನ ಗಂಡ ನಮ್ಮ ಮಹಡಿಯ ಗುಂಡಿ ಒತ್ತುವುದನ್ನೇ ಮರೆತಿದ್ದರು. ಲಿಫ್ಟು ನಮ್ಮನ್ನು ಮತ್ತೆ ಕೆಳಕ್ಕೆ ತಂದು ಬಿಟ್ಟಿತು.

ಮರುವಾರ ನಾನು ಗಣಿತ ಕಲಿಸುತ್ತಿದ್ದ ಶಾಲೆಗೇ ಅವರು ಹೊಸ ದೈಹಿಕ ಶಿಕ್ಷಕಿಯಾಗಿ ಬಂದರು. ಭಾರತದಿಂದ ಬಂದವರ ಮಕ್ಕಳಿಗೆಂದೇ ಇದ್ದ ಶಾಲೆ ಅದು. ನನ್ನನ್ನು ಕಂಡವರೇ, "ಲಿಫ್ಟ್ ಮಿಸ್, ಸರ್ ಕ್ಷೇಮವಾ?" ಎಂದು ಕೇಳಿದರು. ಅಲ್ಲಿಂದ ನಮ್ಮ ಸ್ನೇಹ.

ಅವರು ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದವರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿಯೂ ಸಿಪಾಯಿಗಳಾಗಿಯೂ ಬಂದ ಜನರ ಸಂತತಿ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಬೀದಿಯಲ್ಲಿ ಕನ್ನಡ. ಎಳವೆಯಲ್ಲಿಯೇ ಅವರ ಕೈಯ ಕಸುವನ್ನು ಕಂಡ ಯಾರೋ ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಸೇರಿಸಿದ್ದರು. ಜಾವೆಲಿನ್ ಎಸೆದು, ಮೊಣಕೈ ಕೆಟ್ಟ ಮೇಲೆ ಪದವಿ ಓದಿ, ಮುಂಬಯಿಯ ಶಾಲೆಯೊಂದರಲ್ಲಿ ಕೆಲಸ ಮಾಡಿ, ಅಲ್ಲಿಂದ ಸಿಂಗಪುರಕ್ಕೆ ಬಂದಿದ್ದರು.

ಆದರೆ ಇದನ್ನೆಲ್ಲ ಅವರು ಹೇಳಿದ್ದು ನನಗೊಬ್ಬಳಿಗೆ. ಉಳಿದವರಿಗೆ ಅವರ ದೇಶ ದಿನಕ್ಕೊಂದು. ಟ್ಯಾಕ್ಸಿಯಲ್ಲಿ ಕೂತರೆ ಡ್ರೈವರ್ ಅಂಕಲ್ ಕನ್ನಡಿಯಲ್ಲಿ ನೋಡಿ, ಯಾವ ದೇಶ ಎಂದು ಕೇಳದೆ ಇರುತ್ತಿರಲಿಲ್ಲ. ಒಬ್ಬರಿಗೆ ತಾನು ಬ್ರೆಜಿಲ್‌ನ ಹಾಡುಗಾರ್ತಿ ಎಂದರು. ಇನ್ನೊಬ್ಬರಿಗೆ ಜಾಂಜಿಬಾರಿನ ಸುಲ್ತಾನರ ಮೊಮ್ಮಗಳು, ಆಸ್ತಿಯ ಜಗಳದಿಂದ ಓಡಿ ಬಂದಿದ್ದೇನೆ ಎಂದರು. ಆ ಅಂಕಲ್ ಎಷ್ಟು ಮರುಗಿದರೆಂದರೆ ಇಳಿಯುವಾಗ ಒಂದು ಕಿತ್ತಳೆ ಹಣ್ಣು ಕೊಟ್ಟರು.

"ನಿಜ ಯಾಕೆ ಹೇಳೋದಿಲ್ಲ ನೀವು?" ಎಂದು ನಾನು ಕೇಳಿದೆ.

"ಹೇಳಿ ನೋಡಿದೀನಿ. ಇಂಡಿಯಾ ಅಂದ್ರೆ ನಗ್ತಾರೆ. ಕರ್ನಾಟಕ ಅಂದ್ರೆ ಇನ್ನೂ ಜೋರಾಗಿ ನಗ್ತಾರೆ. ಜಾಂಜಿಬಾರ್ ಅಂದ್ರೆ ಹಣ್ಣು ಕೊಡ್ತಾರೆ." ಕಿತ್ತಳೆಯ ಅರ್ಧವನ್ನು ನನಗೆ ಕೊಟ್ಟರು.

ಅವರು ಬಂದ ಮರುವರ್ಷ ಅವರ ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ಒಂದು ಕಲೆ ಎದ್ದಿತು. ಸುತ್ತಲಿನ ಚರ್ಮಕ್ಕಿಂತ ಕಡುವಾದ ನೇರಳೆ ಬಣ್ಣ, ಮೇಲೆ ಹೊಟ್ಟಿನಂಥ ಪೊರೆ. ಮೊದಲು ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದು ಅಗಲವಾಗಿ ಕಿವಿಯ ಮೇಲೂ ಹರಡಿದಾಗ ನಮ್ಮ ಬ್ಲಾಕಿನ ಕೆಳಗಿದ್ದ ಮಾಮೂಲಿ ಕ್ಲಿನಿಕ್ಕಿಗೆ ಹೊರಟರು. ನನ್ನನ್ನೂ ಕರೆದರು.

"ನಾನೆಂತ ಮಾಡೋದು ಅಲ್ಲಿ?"

"ಸಾಕ್ಷಿ ಬೇಕು. ಇಲ್ದಿದ್ರೆ ನಾಳೆ ನಾನು ಹೇಳೋದನ್ನ ನೀನು ನಂಬೋದಿಲ್ಲ."

ಆ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಮೇಜಿನ ಆಚೆಯಿಂದಲೇ ಪೆನ್ನು ಚಾಚಿ, ಪೆನ್ನಿನ ತುದಿಯಿಂದ ಮಿಸ್ಸಿನ ಮುಖವನ್ನು ಅತ್ತ ತಿರುಗಿಸಿ, "ಹುಳುಕಡ್ಡಿ. ನಿಮ್ಮಂಥ ಚರ್ಮದಲ್ಲಿ ಕೆಂಪು ಕಾಣೋದಿಲ್ಲ, ನೋಡಿ ಹೇಳೋದು ಕಷ್ಟ" ಎಂದು ಮುಲಾಮು ಬರೆದರು.

"ಡಾಕ್ಟರ್, ಪೆನ್ನು ತೊಳೆದುಕೊಳ್ಳಿ. ಹುಳುಕಡ್ಡಿ ಅಂಟುತ್ತೆ," ಎಂದು ಮಿಸ್ ಕಾಳಜಿಯಿಂದ ಹೇಳಿದರು. ನಾವು ಬಾಗಿಲು ದಾಟುವಾಗ ತಿರುಗಿ ನೋಡಿದೆ. ಡಾಕ್ಟರು ನಿಜವಾಗಿಯೂ ಪೆನ್ನನ್ನು ಒರೆಸುತ್ತಿದ್ದರು.

ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದಾಯಿತು. ಕಲೆ ಹೋಗಲಿಲ್ಲ. ನಡುವೆ ಬೆಳ್ಳಗಾಗಿ, ಅಂಚು ಇನ್ನೂ ಕಪ್ಪಾಗಿ, ಬಿಸಿಲಿನಲ್ಲಿ ನಿಂತ ದಿನ ಉರಿಯತೊಡಗಿತು. ಪಿ.ಟಿ. ಮಿಸ್ ಬಿಸಿಲಿನಲ್ಲಿ ನಿಲ್ಲದ ದಿನವೇ ಇರಲಿಲ್ಲ. ಕಿವಿಯ ಮೇಲಿನ ಕೂದಲು ಉದುರಿ ಅಲ್ಲಿ ನುಣ್ಣನೆಯ ಜಾಗವಾಯಿತು.

ಎರಡನೆಯ ಡಾಕ್ಟರು ಚರ್ಮದ ತಜ್ಞರು. ದೊಡ್ಡ ಮಾಲ್ ಒಂದರ ಮೇಲ್ಮಹಡಿಯಲ್ಲಿ ಕ್ಲಿನಿಕ್ಕು. ಒಳಗೆ ಕಾಲಿಟ್ಟರೆ ಔಷಧಿಯ ಬದಲು ಸೆಂಟಿನ ಪರಿಮಳ. ಗೋಡೆಯ ಮೇಲೆ ಹಾಲಿನಂಥ ಕೆನ್ನೆಯ ಹುಡುಗಿಯರ ಚಿತ್ರಗಳು. ತಜ್ಞರು ದೀಪ ಹಾಕಿ ನೋಡಿದರು, ಆದರೆ ಕಲೆಯನ್ನಲ್ಲ, ಇಡೀ ಮುಖವನ್ನು. ಬಣ್ಣ ಹೆಚ್ಚಾಗಿರುವುದೇ ತೊಂದರೆಯ ಮೂಲ, ಎಲ್ಲವನ್ನೂ ಒಂದು ಹದಕ್ಕೆ ತಿಳಿಗೊಳಿಸುವ ಕೋರ್ಸ್ ಇದೆ, ಕ್ರೀಮು ಮತ್ತು ಲೇಸರು ಎಂದು ವಿವರಿಸಿದರು.

ಮಿಸ್ ಗಮನವಿಟ್ಟು ಕೇಳಿದರು. "ಅಂದ್ರೆ ನಾನು ಮೊದಲು ಬೆಳ್ಳಗಾಗಬೇಕು."

"ಸ್ವಲ್ಪ ತಿಳಿಯಾಗಬೇಕು."

"ಆಮೇಲೆ ನಿಮಗೆ ರೋಗ ಕಾಣಿಸುತ್ತೆ."

ತಜ್ಞರಿಗೆ ಇದು ತಮಾಷೆಯೋ ಪ್ರಶ್ನೆಯೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಕಿಟಕಿಯತ್ತ ನೋಡಿದೆ. ಮಿಸ್ ಮುಂದುವರಿದರು: "ಬರೀ ಕುತ್ತಿಗೆ ತನಕ ಮಾಡಿದರೆ ಸಾಕಾ, ಪೂರ್ತಿ ಮಾಡಬೇಕಾ? ಯಾಕಂದ್ರೆ ನಮ್ಮ ಊರಲ್ಲಿ ಅಮ್ಮ ಗುರುತು ಹಿಡೀಬೇಕಲ್ಲ."

ಹೊರಗೆ ಬಂದರೆ ಕೌಂಟರಿನ ಹುಡುಗಿ ಬಣ್ಣದ ಕಾಗದಗಳನ್ನು ಹಿಡಿದು ಕಾಯುತ್ತಿದ್ದಳು. ಮಿಸ್ಸಿನ ಮುಖ ನೋಡಿ ಇವರಿಗೆ ಹೇಳಿ ಫಲವಿಲ್ಲ ಎನ್ನಿಸಿರಬೇಕು, ಕಾಗದವನ್ನು ನನ್ನ ಕೈಗೆ ಕೊಟ್ಟಳು. "ಮೇಡಂ, ನಿಮಗೆ ಬೇಗ ರಿಸಲ್ಟ್ ಬರುತ್ತೆ," ಎಂದಳು. ಉಡುಪಿಯಲ್ಲಿ ಮೂರು ಸಂಬಂಧಗಳು ಬಣ್ಣದ ಕಾರಣಕ್ಕೆ ತಪ್ಪಿಹೋದ ಹೆಣ್ಣು ನಾನು. ಮಿಸ್ ಆ ದಿನ ಎಂ.ಆರ್.ಟಿ. ರೈಲಿನಲ್ಲಿ ನಮ್ಮ ಸ್ಟೇಶನ್ ಬರುವ ತನಕ ನಕ್ಕರು. ಎದುರು ಕೂತಿದ್ದ ಮುದುಕಿಯೊಬ್ಬಳು ಏನೂ ಅರ್ಥವಾಗದೆ ತಾನೂ ನಗಲು ಶುರುಮಾಡಿದಳು.

ನಗುವ ದಿನಗಳು ಹೆಚ್ಚು ಉಳಿಯಲಿಲ್ಲ. ಮಿಸ್ ಈಜು ಕಲಿಸುತ್ತಿದ್ದಾಗ ಒಂದು ಮಗುವಿನ ತಾಯಿ ಅವರ ಕಿವಿಯ ಬಿಳಿ ಕಲೆ ನೋಡಿ ಕುಷ್ಠ ಎಂದುಕೊಂಡಳು. ಎರಡು ದಿನಗಳಲ್ಲಿ ಆ ಮಾತು ಶಾಲೆಯ ಬಸ್ಸುಗಳನ್ನೆಲ್ಲ ಸುತ್ತಿತು. ಪ್ರಿನ್ಸಿಪಾಲರು ಮಿಸ್ಸನ್ನು ಕರೆದು, ಇದು ಅಂಟುವುದಿಲ್ಲ ಎಂದು ತಜ್ಞರು ಬರೆದು ಕೊಡುವ ತನಕ ಮಕ್ಕಳನ್ನು ಮುಟ್ಟಬೇಡಿ, ಈಜುಕೊಳಕ್ಕೆ ಇಳಿಯಬೇಡಿ ಎಂದರು. ಬರೆದು ಕೊಡದಿದ್ದರೆ ಗುತ್ತಿಗೆಯ ಬಗ್ಗೆ ಯೋಚಿಸಬೇಕಾಗುತ್ತದೆ ಎಂದೂ ಸೇರಿಸಿದರು. ಗುತ್ತಿಗೆ ಹೋದರೆ ವರ್ಕ್ ಪಾಸ್ ಹೋಗುತ್ತದೆ, ಪಾಸ್ ಹೋದರೆ ದೇಶ ಬಿಡಬೇಕು.

ಸ್ಟಾಫ್ ರೂಮಿನಲ್ಲಿ ಅವರು ಎಂದಿನಂತೆಯೇ ಇದ್ದರು. ಯಾರಾದರೂ ಬದಿಯಲ್ಲಿ ಕೂರಲು ಹಿಂಜರಿದರೆ ಕುರ್ಚಿ ಎಳೆದುಕೊಂಡು ಹೋಗಿ ಅವರ ಪಕ್ಕದಲ್ಲೇ ಕೂರುತ್ತಿದ್ದರು. "ನಿಮ್ಮ ಚಪಾತಿ ಚೆನ್ನಾಗಿದೆಯಲ್ಲ, ಒಂದು ಕೊಡಿ," ಎಂದು ಅವರ ಡಬ್ಬಿಗೇ ಕೈ ಹಾಕುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಆಟದ ಸಾಮಾನಿನ ಕೋಣೆಗೆ ಹೋದಾಗ ಅವರು ನೆಲದ ಮೇಲೆ ಕೂತು ಒಂದೊಂದೇ ಚೆಂಡಿಗೆ ಗಾಳಿ ತುಂಬುತ್ತಿದ್ದರು. ನನ್ನತ್ತ ತಿರುಗಲಿಲ್ಲ.

"ಒಂದನೇ ಕ್ಲಾಸಿನ ಒಂದು ಕೂಸು ದಿನಾ ನನ್ನ ಬೆರಳು ಹಿಡ್ಕೊಂಡು ಗ್ರೌಂಡಿಗೆ ಬರ್ತಿತ್ತು. ಇವತ್ತು ಹಿಡಿಯೋಕೆ ಬಂತು. ನಾನು ಕೈ ಹಿಂದೆ ಕಟ್ಟಿಕೊಂಡೆ. ಅದು ನನ್ನ ಹಿಂದೆ ಹೋಗಿ ಹುಡುಕ್ತು, ಆಟ ಅಂದ್ಕೊಂಡು." ಪಂಪು ಒತ್ತುವುದನ್ನು ನಿಲ್ಲಿಸಿದರು. "ಹುಳುಕಡ್ಡಿ ಅಂತಾನೂ ಆಯ್ತು, ಬಣ್ಣ ಜಾಸ್ತಿ ಅಂತಾನೂ ಆಯ್ತು, ಕುಷ್ಠ ಅಂತಾನೂ ಆಯ್ತು. ಇದೆಂತ ಅಂತ ಒಬ್ಬರಾದ್ರೂ ನೋಡಿ ಹೇಳಬಾರದಾ?"

ನಾನು ಪಕ್ಕದಲ್ಲಿ ಕೂತು ಇನ್ನೊಂದು ಪಂಪು ತೆಗೆದುಕೊಂಡೆ.

ಮೂರನೆಯ ಡಾಕ್ಟರು ದೊಡ್ಡ ಆಸ್ಪತ್ರೆಯೊಂದರ ಚರ್ಮ ವಿಭಾಗದವರು. ಐವತ್ತು ದಾಟಿದ ಚೀನೀ ಮಹಿಳೆ, ಕನ್ನಡಕಕ್ಕೆ ಸರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಶುರುವಾದದ್ದು ಇಲ್ಲಿಯೂ ಹಾಗೆಯೇ.

"ಆಫ್ರಿಕಾದಿಂದ ಯಾವಾಗ ಬಂದಿರಿ?"

"ನಾನು ಇಂಡಿಯಾದವಳು."

"ಸರಿ. ಅದಕ್ಕೂ ಮುಂಚೆ?"

"ಅಮ್ಮನ ಹೊಟ್ಟೆಯಲ್ಲಿದ್ದೆ."

ಡಾಕ್ಟರು ತಲೆಯೆತ್ತಿ ಮೊದಲ ಸಲ ಸರಿಯಾಗಿ ನೋಡಿದರು. ಕ್ಷಮಿಸಿ ಎಂದರು. ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಪುಟ ಹುಡುಕುವಷ್ಟರಲ್ಲಿ ಪಕ್ಕದ ಕೋಣೆಗೆ ಕರೆ ಬಂತು. ಪುಸ್ತಕ ಮೇಜಿನ ಮೇಲೆ ಉಳಿಯಿತು. ಮಿಸ್ ಅದನ್ನು ತಮ್ಮತ್ತ ಎಳೆದುಕೊಳ್ಳಲು ಒಂದು ಗಳಿಗೆಯೂ ಕಾಯಲಿಲ್ಲ.

ಪುಟಪುಟಕ್ಕೂ ಚರ್ಮರೋಗದ ಬಣ್ಣದ ಚಿತ್ರಗಳು. ಗುಲಾಬಿ ತೋಳು, ಕೆಂಪು ಬೆನ್ನು, ಬಿಳಿ ಹೊಟ್ಟೆ. "ಇದೇನು ಮಾರಾಯ್ತಿ, ಎಲ್ಲ ಟೊಮೇಟೊ," ಎಂದು ಪಿಸುಗುಟ್ಟಿದರು. ಮುಂದಕ್ಕೆ ಹೋದರು, ಹಿಂದಕ್ಕೆ ಬಂದರು. ಕೊನೆಗೆ ಒಂದು ಕಡೆ ಕಪ್ಪು ಚರ್ಮದ ಒಂದು ಚಿತ್ರ ಸಿಕ್ಕಿತು. ಕೆಳಗಿನ ಸಾಲನ್ನು ಇಬ್ಬರೂ ಓದಿದೆವು. ಲೈಂಗಿಕ ಸಂಪರ್ಕದಿಂದ ಬರುವ ರೋಗದ ಅಧ್ಯಾಯ ಅದು.

ಡಾಕ್ಟರು ಮರಳಿ ಬಂದಾಗ ಆ ಪುಟವೇ ತೆರೆದಿತ್ತು. ಮಿಸ್ ಬೆರಳಿಟ್ಟು ತೋರಿಸಿದರು. "ಡಾಕ್ಟರ್, ಇಷ್ಟು ದೊಡ್ಡ ಪುಸ್ತಕದಲ್ಲಿ ನಮ್ಮವರು ಒಬ್ಬರೇ ಸಿಕ್ಕಿದ್ದು. ಅವರಿಗೂ ಇದೇ ರೋಗ ಬರಬೇಕಿತ್ತಾ?"

ಬೈಯುತ್ತಾರೆ ಎಂದುಕೊಂಡೆ. ಡಾಕ್ಟರು ಪುಸ್ತಕ ತೆಗೆದುಕೊಂಡು ನಿಂತಲ್ಲೇ ಪುಟ ತಿರುವತೊಡಗಿದರು. ಹೊರಗೆ ಕಾಯುವವರು ತುಂಬ ಇದ್ದರು. ಆದರೂ ಅವರು ಅವಸರ ಮಾಡಲಿಲ್ಲ. "ನಾನು ಪರೀಕ್ಷೆಗೆ ಓದಿದ್ದು ಇದನ್ನೇ. ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ," ಎಂದರು. ಆಮೇಲೆ ಪುಸ್ತಕ ಮುಚ್ಚಿ, ಮಿಸ್ಸನ್ನು ಕಿಟಕಿಯ ಬೆಳಕಿಗೆ ಕರೆದೊಯ್ದು ಕೂರಿಸಿ, ಕೈ ತೊಳೆದುಕೊಂಡು ಬಂದು ಬೆರಳ ತುದಿಯಿಂದ ಕಲೆಯ ಅಂಚನ್ನು ಸವರಿದರು. ಕಿವಿಯ ಹಿಂದೆ, ಕೂದಲು ಉದುರಿದ ಜಾಗದಲ್ಲಿ, ಮತ್ತೆ ಕೆನ್ನೆಯ ಮೇಲೆ. ಎಲ್ಲಿ ಗಡುಸು, ಎಲ್ಲಿ ಒರಟು, ಎಲ್ಲಿ ಕುಸಿದಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ ಸವರಿದರು. ಸದಾ ಏನಾದರೊಂದು ಮಾತು ಒಗೆಯುವ ಮಿಸ್ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಸುಮ್ಮನಿದ್ದರು.

"ನನಗೊಂದು ಅನುಮಾನ ಇದೆ. ಖಚಿತವಾಗಿ ಗೊತ್ತಿಲ್ಲ. ನಿಮ್ಮಂಥ ಚರ್ಮವನ್ನ ನಾನು ಹೆಚ್ಚು ನೋಡಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಲಾ?"

"ಗೊತ್ತಿಲ್ಲ ಅಂದ ಡಾಕ್ಟರು ನೀವೇ ಮೊದಲು," ಎಂದರು ಮಿಸ್. "ಎಷ್ಟು ಚೂರು ಬೇಕೋ ತಗೊಳ್ಳಿ."

ಅದು ಲೂಪಸ್ ಎಂಬ ಕಾಯಿಲೆಯ ಒಂದು ಬಗೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಚರ್ಮವನ್ನು ಕಾಡುತ್ತದೆ, ಬಿಸಿಲು ಬಿದ್ದರೆ ಕೆರಳುತ್ತದೆ, ಯಾರಿಗೂ ಅಂಟುವುದಿಲ್ಲ. ಬೇಗ ತಿಳಿದಿದ್ದರೆ ಆ ಕಲೆಗಳು ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ, ಉದುರಿದ ಕೂದಲು ಇನ್ನು ಬರುವುದಿಲ್ಲ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಮೂತ್ರಪಿಂಡಕ್ಕೆ ಇಳಿದಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಆ ವರದಿ ಬರುವ ತನಕ ನನಗೆ ಊಟ ರುಚಿಸಲಿಲ್ಲ. ಕಾಯಿಲೆ ಅಲ್ಲಿಗೆ ಇಳಿದಿರಲಿಲ್ಲ. ಮಲೇರಿಯಾಕ್ಕೆ ಕೊಡುವ ಮಾತ್ರೆಯನ್ನೇ ಇದಕ್ಕೂ ಕೊಟ್ಟರು.

ಅಂಟುವುದಿಲ್ಲ ಎಂದು ಬರೆಸಿಕೊಂಡು ಮಿಸ್ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸಾಕ್ಷಿಯಾಗಿ ನಾನೂ ಹೋದೆ. ಪ್ರಿನ್ಸಿಪಾಲರು ಓದಿ, "ಗುಡ್, ವೆರಿ ಗುಡ್" ಎಂದು ಡ್ರಾಯರಿಗೆ ಹಾಕಿದರು. ಮಿಸ್ ಎದ್ದು ನಿಂತು ಕೈ ಚಾಚಿದರು. ಪ್ರಿನ್ಸಿಪಾಲರಿಗೆ ತಕ್ಷಣ ಅರ್ಥವಾಗಲಿಲ್ಲ. ಕೈ ಹಾಗೆಯೇ ಚಾಚಿಕೊಂಡಿತ್ತು. ಜಾವೆಲಿನ್ ಎಸೆದ ಕೈ, ದಣಿಯುವ ಲಕ್ಷಣವಿರಲಿಲ್ಲ. ಕೊನೆಗೆ ಅವರು ಎದ್ದು ಕುಲುಕಿದರು. ಮಿಸ್ ಬೇಗ ಬಿಡಲಿಲ್ಲ, ಸ್ವಲ್ಪ ಜೋರಾಗಿಯೇ ಹಿಡಿದಿದ್ದರು ಎಂದು ಕಾಣುತ್ತದೆ. ಆ ದಿನವೆಲ್ಲ ಪ್ರಿನ್ಸಿಪಾಲರು ಎಡಗೈಯಲ್ಲಿ ಸಹಿ ಮಾಡುತ್ತಿದ್ದರು ಎಂದು ಆಫೀಸಿನವರು ಹೇಳಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ.

ಇನ್ನು ಬಿಸಿಲಿನ ಪ್ರಶ್ನೆ. ಬಿಸಿಲಿಗೆ ಬರಬಾರದ ಪಿ.ಟಿ. ಮಿಸ್ಸನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಆಡಳಿತ ಮಂಡಳಿಗೆ ಚಿಂತೆಯಾಯಿತು. ಅವರು ಚಿಂತಿಸಿ ಮುಗಿಸುವ ಮೊದಲೇ ಮಿಸ್ ತಮ್ಮ ಕ್ಲಾಸುಗಳನ್ನೆಲ್ಲ ಶಾಲೆಯ ಕಟ್ಟಡದ ಕೆಳಗಿನ ಕಂಬಗಳ ಜಾಗಕ್ಕೆ ಸಾಗಿಸಿದ್ದರು. ಅಲ್ಲಿ ಕಂಬಗಳನ್ನೇ ಬಳಸಿ ಖೋ ಖೋ ಕಲಿಸಿದರು. ಯಾವ ಮೈದಾನದಲ್ಲಿಯೂ ಸಿಗದ ತಿರುವುಗಳು ಅಲ್ಲಿದ್ದವು. ಮಕ್ಕಳು ಮೈದಾನವನ್ನು ಮರೆತರು.

ಹೊರಗೆ ಹೋಗಲೇಬೇಕಾದಾಗ ಡಾಕ್ಟರು ಹೇಳಿದ ಬಿಸಿಲಿನ ಕ್ರೀಮು. ಆ ಕಾಲದ ಕ್ರೀಮುಗಳು ಬೆಳ್ಳಗಿನ ಚರ್ಮಕ್ಕೆಂದೇ ಮಾಡಿದ್ದು. ಮಿಸ್ ಹಚ್ಚಿಕೊಂಡರೆ ಸುಣ್ಣ ಬಳಿದ ಗೋಡೆ. ಎಷ್ಟು ಉಜ್ಜಿದರೂ ಬೂದು ಬಣ್ಣ ಉಳಿಯುತ್ತಿತ್ತು. ಬೇರೆಯವರಾದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಅವರು ಉಜ್ಜುವುದನ್ನೇ ಬಿಟ್ಟರು. ದಪ್ಪಗೆ ಬಳಿದುಕೊಂಡು, ಮೂಗಿನ ಮೇಲೆ ಹುಲಿವೇಷದ ಪಟ್ಟೆ ಎಳೆದುಕೊಂಡು ಕ್ರೀಡಾದಿನಕ್ಕೆ ಬಂದರು. ಮಕ್ಕಳೆಲ್ಲ ತಮಗೂ ಹಚ್ಚಿ ಎಂದು ಸಾಲುಗಟ್ಟಿದರು. "ಮಿಸ್, ಮೀ ಫಸ್ಟ್ ಲಾ" ಎಂಬ ಗಲಾಟೆಯೋ ಗಲಾಟೆ. ಬಹುಮಾನ ಕೊಡಲು ಬಂದ ಅತಿಥಿಗಳು ಬಿಳಿ ಪಟ್ಟೆಯ ಹುಲಿಗಳ ಕೈಗೆ ಕಪ್ಪುಗಳನ್ನು ಕೊಟ್ಟರು. ಫೋಟೋದಲ್ಲಿ ಯಾರ ಮಗು ಯಾವುದು ಎಂದು ತಾಯಂದಿರಿಗೆ ಗೊತ್ತಾಗಲಿಲ್ಲ. ಮತ್ತೊಂದು ದೂರು ಹೋಯಿತು.

ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ತೋರಿಸಲು ನಿಮ್ಮ ಕಲೆಯ ಫೋಟೋ ತೆಗೆಯಬಹುದೇ ಎಂದು ಡಾಕ್ಟರು ಒಮ್ಮೆ ಕೇಳಿದರು. ಮಿಸ್ ಇಳಕಲ್ ಸೀರೆ ಉಟ್ಟು, ತುಟಿಗೆ ಬಣ್ಣ ಹಚ್ಚಿ ಬಂದರು. ಆಸ್ಪತ್ರೆಯ ಫೋಟೋಗ್ರಾಫರು ಕಿವಿ ಮತ್ತು ಕೆನ್ನೆ ಮಾತ್ರ ಸಾಕು ಎಂದರು.

"ತೆಗೀರಿ. ಮೊದಲು ಒಂದು ಪೂರ್ತಿ ಮುಖದ್ದು ತೆಗೀರಿ. ಈ ಕಿವಿ ನಗುವ ಮುಖದ್ದು ಅಂತ ಓದೋ ಮಕ್ಕಳಿಗೆ ಗೊತ್ತಾಗಲಿ."

ಡಾಕ್ಟರು ಅದಕ್ಕೂ ಒಪ್ಪಿದರು.

ಗುತ್ತಿಗೆ ಮುಗಿದು ಅವರು ಊರಿಗೆ ಹೊರಡುವ ಮುಂಚೆ ಕಡೆಯ ಸಲ ಆ ಆಸ್ಪತ್ರೆಗೆ ಹೋದೆವು. ಕಾಯುವ ಹಾಲಿನಲ್ಲಿ ನಮ್ಮ ಎದುರಿಗೆ ನೈಜೀರಿಯಾದ ಒಬ್ಬ ಹೆಂಗಸು ಕೂತಿದ್ದರು. ಗಂಡನಿಗೆ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಕೆಲಸವಂತೆ. ಅಂಥ ಸೆಖೆಯಲ್ಲಿಯೂ ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ತನಕ ಎಳೆದುಕೊಂಡಿದ್ದರು. ಮಿಸ್ ಮಾತಿಗೆಳೆದರು. ಬೇರೆ ಬೇರೆ ಕಡೆ ತೋರಿಸಿದ್ದಾರೆ, ಎಲ್ಲರೂ ದೂರದಿಂದಲೇ ನೋಡಿ ಏನೋ ಒಂದು ಬರೆದುಕೊಟ್ಟಿದ್ದಾರೆ, ಇವತ್ತು ವಾಪಸು ಹೋಗಿಬಿಡೋಣ ಅನ್ನಿಸುತ್ತಿದೆ ಎಂದು ಆಕೆ ಸಣ್ಣ ದನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಹೊಸ ನರ್ಸೊಬ್ಬಳು ಬಾಗಿಲಿಗೆ ಬಂದು ಆ ಹೆಂಗಸಿನ ಹೆಸರನ್ನು ಕಷ್ಟಪಟ್ಟು ಕೂಗಿದಳು. ಕೂಗಿ, ನೇರವಾಗಿ ಮಿಸ್ಸಿನ ಮುಂದೆ ಬಂದು ನಿಂತು, "ಬನ್ನಿ ಮೇಡಂ" ಎಂದಳು.

ಮಿಸ್ ಎದ್ದರು. ಎದುರಿನವರಿಗೆ ಕೈ ಕೊಟ್ಟು ಎಬ್ಬಿಸಿದರು. "ನಾನೂ ಬರಲಾ?" ಎಂದು ಆಕೆಯನ್ನು ಕೇಳಿದರು. ಆಕೆ ತಲೆಯಾಡಿಸಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಬಾಗಿಲತ್ತ ನಡೆದರು.

ನರ್ಸು ಗಾಬರಿಯಾದಳು. "ಒಬ್ಬರು ಮಾತ್ರ ಮೇಡಂ. ಅಪಾಯಿಂಟ್‌ಮೆಂಟ್ ಯಾರದು?"

"ನೀವೇ ಹೇಳಿ," ಎಂದರು ಮಿಸ್.

ಅವಳು ಇವರ ಮುಖ ನೋಡಿದಳು, ಅವರ ಮುಖ ನೋಡಿದಳು, ಕೈಯಲ್ಲಿದ್ದ ಫೈಲು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗಿನಿಂದ ಡಾಕ್ಟರು ಏನಿದು ಎಂದು ಕೇಳಿದ್ದು ಕೇಳಿಸಿತು, ಬಾಗಿಲು ಮುಚ್ಚಿತು.

ನಾನು ಇಬ್ಬರ ಕೈಚೀಲಗಳನ್ನೂ ತೊಡೆಯ ಮೇಲಿಟ್ಟುಕೊಂಡು ಹೊರಗೆ ಕೂತೆ. ಒಳಗೆ ಡಾಕ್ಟರು ಕೈ ತೊಳೆಯುವ ನೀರಿನ ಸದ್ದು ಕೇಳಿತು. ಆಮೇಲೆ ಮಿಸ್ಸಿನ ನಗು ಕೇಳಿತು, ಅದರ ಹಿಂದೆಯೇ ನನಗೆ ಪರಿಚಯವಿಲ್ಲದ, ಇನ್ನೂ ದೊಡ್ಡ ನಗುವೊಂದು ಎದ್ದಿತು. ಕಾಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಬಾಗಿಲು ತೆರೆದಾಗ ಆ ಹೆಂಗಸು ಅಂಗಿಯ ಎರಡೂ ತೋಳುಗಳನ್ನು ಮೊಣಕೈಯ ಮೇಲಕ್ಕೆ ಮಡಚಿಕೊಂಡು ಹೊರಗೆ ಬಂದರು.